ಪಕ್ಕದ ಮನೆಯ ಮಾರ್ಮನ್ ತಾಯಿ: ಆಕೆಯ ವಾರ ಹೇಗೆ ಸಾಗುತ್ತದೆ, ನೀವು ಎಲ್ಲಿ ಜೊತೆಯಾಗಬಹುದು

ಪ್ರಶ್ನೆ: ನಾವು ಮೈಸೂರಿನವರು. ನಮ್ಮ ಯಜಮಾನರ ಕೆಲಸದ ಮೇಲೆ ಅಮೆರಿಕದ ಯೂಟಾ ರಾಜ್ಯದ ಲೀಹೈಗೆ ಬಂದು ಎಂಟು ತಿಂಗಳಾಯಿತು. ಪಕ್ಕದ ಮನೆಯವರು ಮಾರ್ಮನ್ನರು, ಅಂದರೆ ಒಂದು ಕ್ರೈಸ್ತ ಪಂಗಡದವರು. ಆಕೆಗೆ ಇನ್ನೂ 29 ವರ್ಷ. ಎಂಟು ತುಂಬಲಿರುವ ಮಗ, ನಾಲ್ಕು ವರ್ಷದ ಮಗಳು, ಇಪ್ಪತ್ತು ತಿಂಗಳ ಪುಟ್ಟವನು, ಈಗ ಮತ್ತೆ ಏಳು ತಿಂಗಳ ಬಸುರಿ. ಇಷ್ಟರ ಮೇಲೆ ಚರ್ಚಿನಲ್ಲಿ ‘ಪ್ರೈಮರಿ ಪ್ರೆಸಿಡೆಂಟ್’ ಅಂತೆ. ಒಮ್ಮೆ ಫಿಲ್ಟರ್ ಕಾಫಿ ಕೊಟ್ಟೆ, ನಗುತ್ತಲೇ ಬೇಡ ಎಂದರು, ನನಗೆ ಮುಜುಗರವಾಯಿತು. ಸೋಮವಾರ ಊಟಕ್ಕೆ ಕರೆದೆ, ಆಗುವುದಿಲ್ಲ ಎಂದವರು ತಮ್ಮ ಮನೆಗೇ ಒಂದು ಸೋಮವಾರ ನಮ್ಮನ್ನು ಕರೆದಿದ್ದಾರೆ. ಮುಂದಿನ ತಿಂಗಳು ಮಗನ ಬ್ಯಾಪ್ಟಿಸಂಗೂ ಕರೆ ಬಂದಿದೆ. ಇವರ ದಿನಚರಿ ಹೇಗಿರುತ್ತದೆ, ಇಷ್ಟೆಲ್ಲ ಹೇಗೆ ನಿಭಾಯಿಸುತ್ತಾರೆ? ಹೋದಲ್ಲಿ ನಾವು ಹೇಗೆ ನಡೆದುಕೊಳ್ಳಬೇಕು? ನಮ್ಮನ್ನು ಮತಕ್ಕೆ ಸೇರಿಸುವ ಉದ್ದೇಶವಿರಬಹುದೇ? ಹೆರಿಗೆಯಾದ ಮೇಲೆ ನಾನು ಏನಾದರೂ ಸಹಾಯ ಮಾಡಬಹುದೇ?

ಉತ್ತರ: ಕಾಫಿಯ ಮುಜುಗರವನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ. ಆಕೆಗೆ ಅದು ದಿನಾ ಎದುರಾಗುವ ಸಂಗತಿ. 1833ರಲ್ಲಿ ಇವರ ಚರ್ಚಿನ ಸ್ಥಾಪಕ ಜೋಸೆಫ್ ಸ್ಮಿತ್ ಅವರಿಗೆ ಬಂದ ದೈವಸಂದೇಶ ಎಂದು ಇವರು ನಂಬುವ ‘ವರ್ಡ್ ಆಫ್ ವಿಸ್ಡಮ್’ ಎಂಬ ನಿಯಮವಿದೆ. ಅದರ ಪ್ರಕಾರ ಮದ್ಯ, ತಂಬಾಕು, ಕಾಫಿ, ಟೀ ನಾಲ್ಕೂ ವರ್ಜ್ಯ. ಮೂಲದಲ್ಲಿ ಇರುವುದು ‘ಬಿಸಿ ಪಾನೀಯ’ ಎಂಬ ಮಾತು, ಆದರೆ ಅದನ್ನು ಕಾಫಿ, ಟೀ ಎಂದೇ ಅರ್ಥಮಾಡಿಕೊಂಡು ಬಂದಿದ್ದಾರೆ. ಹಾಗಾಗಿ ಐಸ್ ಹಾಕಿದ ಕಾಫಿಯೂ ಆಗದು, ಬಿಸಿಬಿಸಿ ಚಾಕೊಲೇಟ್ ಹಾಲು ಆಗುತ್ತದೆ. ಗ್ರೀನ್ ಟೀ ಆರೋಗ್ಯಕ್ಕೆ ಒಳ್ಳೆಯದೆಂದು ಕೊಡಲು ಹೋಗಬೇಡಿ. ಅದೂ ಟೀಯೇ ಎಂದು 2019ರಲ್ಲಿ ಚರ್ಚ್ ಸ್ಪಷ್ಟಪಡಿಸಿದೆ. ಟೀ ಸೊಪ್ಪು ಬಿದ್ದಿದ್ದರೆ ಮಸಾಲೆ ಚಹಾ ಕೂಡ ಬೇಡ. ಕಾಫಿ ಹಾಕಿದ ಸಿಹಿತಿಂಡಿ, ರಮ್ ಬೆರೆಸಿದ ಕೇಕನ್ನೂ ಬಹಳ ಜನ ಮುಟ್ಟುವುದಿಲ್ಲ. ನಮ್ಮ ಅಡುಗೆಮನೆಯಲ್ಲಿ ಇದಕ್ಕೆ ಬೇಕಾದಷ್ಟು ಪರ್ಯಾಯಗಳಿವೆ. ಜೀರಿಗೆ-ಕೊತ್ತಂಬರಿ ಕಷಾಯ, ಬಾದಾಮಿ ಹಾಲು, ಮಜ್ಜಿಗೆ, ನಿಂಬೆಹಣ್ಣಿನ ಪಾನಕ ಯಾವುದಕ್ಕೂ ಅಡ್ಡಿಯಿಲ್ಲ. ಕಷಾಯ ಕೊಡುವಾಗ ‘ಇದರಲ್ಲಿ ಟೀ, ಕಾಫಿ ಏನೂ ಇಲ್ಲ’ ಎಂದು ಮೊದಲೇ ಹೇಳಿಬಿಡಿ. ಕೇಳಲು ಸಂಕೋಚಪಟ್ಟು ಲೋಟ ಹಿಡಿದು ಕೂರುವ ಪಾಡು ಆಕೆಗೆ ತಪ್ಪುತ್ತದೆ.

ಹೆಸರಿನ ಬಗ್ಗೆಯೂ ಒಂದು ಮಾತು. ‘ಮಾರ್ಮನ್’ ಎಂದರೆ ಬೈಗುಳವೇನಲ್ಲ. ಆದರೆ 2018ರಲ್ಲಿ ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ ಈ ಅಡ್ಡಹೆಸರು ಬಿಟ್ಟು ಚರ್ಚಿನ ಪೂರ್ತಿ ಹೆಸರನ್ನೇ ಬಳಸುವಂತೆ ಕೇಳಿಕೊಂಡರು. ಕನ್ನಡದಲ್ಲಿ ಹೇಳುವುದಾದರೆ ‘ಕಡೆಯ ದಿನಗಳ ಸಂತರ ಯೇಸು ಕ್ರಿಸ್ತನ ಚರ್ಚ್’. ಅಷ್ಟುದ್ದ ಹೇಳಬೇಕಾಗಿಲ್ಲ, ಎದುರಿಗೆ ‘ನಿಮ್ಮ ಚರ್ಚ್’ ಎಂದರೆ ಸಾಕು. 1830ರ ಏಪ್ರಿಲ್ 6ರಂದು ನ್ಯೂಯಾರ್ಕ್ ರಾಜ್ಯದಲ್ಲಿ ಶುರುವಾದ ಇದು ಊರಿಂದೂರಿಗೆ ಹೊಡೆತ ತಿನ್ನುತ್ತಾ ಬಂದು, 1847ರ ಜುಲೈ 24ಕ್ಕೆ ಬ್ರಿಗಮ್ ಯಂಗ್ ಅವರ ಮುಂದಾಳತ್ವದಲ್ಲಿ ಸಾಲ್ಟ್ ಲೇಕ್ ಕಣಿವೆ ಸೇರಿತು. ನೀವೀಗ ಇರುವ ಯೂಟಾ ರಾಜ್ಯದಲ್ಲಿ ಜುಲೈ 24ಕ್ಕೆ ರಜೆ ಕೊಡುವುದು ಇದಕ್ಕೇ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಹೇಗೆ ನಿಭಾಯಿಸುತ್ತಾರೆ ಎನ್ನುವುದು. ಮನೆ ಒಂದು, ಚರ್ಚು ಇನ್ನೊಂದು ಎಂದು ಬೇರೆಬೇರೆ ಮಾಡಿ ನೋಡಿದರೆ ಇದು ಅರ್ಥವಾಗುವುದಿಲ್ಲ. ಆಕೆಯ ಮಟ್ಟಿಗೆ ಎರಡೂ ಒಂದೇ ವೇಳಾಪಟ್ಟಿ. ಇವರ ಸ್ಥಳೀಯ ಸಭೆಗೆ ‘ವಾರ್ಡ್’ ಎನ್ನುತ್ತಾರೆ. ಯಾವ ಚರ್ಚ್ ಇಷ್ಟವೋ ಅಲ್ಲಿಗೆ ಹೋಗುವ ಪದ್ಧತಿ ಇಲ್ಲಿಲ್ಲ. ಯಾವ ಬೀದಿಯಲ್ಲಿ ಮನೆಯಿದೆಯೋ ಅದರ ಮೇಲೆ ವಾರ್ಡ್ ನಿಗದಿ. ಲೀಹೈನಂಥ ಕಡೆ ಮಾರ್ಮನ್ ಕುಟುಂಬಗಳು ಒತ್ತೊತ್ತಾಗಿರುವುದರಿಂದ ಕೆಲವೇ ಬೀದಿಗಳಿಗೆ ಒಂದು ವಾರ್ಡ್ ಆಗುತ್ತದೆ. ಅಂದರೆ ಭಾನುವಾರ ಪಕ್ಕ ಕೂತವರೇ ಸೋಮವಾರ ಶಾಲೆಯ ಗೇಟಿನಲ್ಲಿ ಸಿಗುತ್ತಾರೆ. ವಾರ್ಡಿನ ಮುಖ್ಯಸ್ಥ ಬಿಷಪ್ ಸಂಬಳದ ಪಾದ್ರಿಯಲ್ಲ. ಹಲ್ಲಿನ ಡಾಕ್ಟರೋ ಸಾಫ್ಟ್‌ವೇರ್ ಎಂಜಿನಿಯರೋ ಆಗಿದ್ದು, ಸುಮಾರು ಐದು ವರ್ಷ ಬಿಟ್ಟಿಯಾಗಿ ಈ ಹೊಣೆ ಹೊರುವಾತ. ಉಳಿದ ಕೆಲಸಗಳೂ ಹಾಗೆಯೇ. ಪಾಠ ಹೇಳುವುದು, ಪಿಯಾನೊ ನುಡಿಸುವುದು, ಮಕ್ಕಳನ್ನು ನೋಡಿಕೊಳ್ಳುವುದು ಎಲ್ಲವನ್ನೂ ಸದಸ್ಯರಿಗೇ ಹಂಚುತ್ತಾರೆ. ಇದಕ್ಕೆ ‘ಕಾಲಿಂಗ್’ ಎಂದು ಹೆಸರು. ತಾನಾಗಿ ಅರ್ಜಿ ಹಾಕುವಂತಿಲ್ಲ, ಬಿಷಪ್ ಕಡೆಯಿಂದ ಕೇಳಿಕೆ ಬರುತ್ತದೆ. ಒಪ್ಪಿದರೆ ಸಭೆಯಲ್ಲಿ ಹೆಸರು ಓದಿ, ಎಲ್ಲರೂ ಬಲಗೈ ಎತ್ತಿ ಬೆಂಬಲ ಸೂಚಿಸುತ್ತಾರೆ. ನಮ್ಮೂರ ಜಾತ್ರೆಯಲ್ಲಿ ಒಂದೊಂದು ಮನೆಗೆ ಒಂದೊಂದು ಸೇವೆ ಇರುತ್ತದಲ್ಲ, ಅಂಥದ್ದು ವರ್ಷಪೂರ್ತಿ ನಡೆದರೆ ಹೇಗೋ ಹಾಗೆ.

ಪ್ರೈಮರಿ ಎಂದರೆ 18 ತಿಂಗಳಿಂದ ಸುಮಾರು 11 ವರ್ಷದವರೆಗಿನ ಮಕ್ಕಳ ವಿಭಾಗ. 1878ರಲ್ಲಿ ಯೂಟಾದ ಫಾರ್ಮಿಂಗ್‌ಟನ್ ಎಂಬ ಊರಲ್ಲಿ ಅರೇಲಿಯಾ ಸ್ಪೆನ್ಸರ್ ರಾಜರ್ಸ್ ಎಂಬ ತಾಯಿ ಇದನ್ನು ಶುರುಮಾಡಿದರು. ನಿಮ್ಮ ನೆರೆಯಾಕೆ ಅದರ ಅಧ್ಯಕ್ಷೆ. ಜೊತೆಗೆ ಇಬ್ಬರು ಸಲಹೆಗಾರ್ತಿಯರು, ಒಬ್ಬ ಕಾರ್ಯದರ್ಶಿ. ಎಳೆಯ ಮಕ್ಕಳು ಹೆಚ್ಚಿರುವ ವಾರ್ಡಿನಲ್ಲಿ ಇದು ಅತ್ಯಂತ ಹೆಚ್ಚು ಓಡಾಟವಿರುವ ಹೊಣೆಗಳಲ್ಲೊಂದು. ಪ್ರತಿ ತರಗತಿಗೂ ಇಬ್ಬರು ದೊಡ್ಡವರು ಇರಲೇಬೇಕು, ಒಬ್ಬರೇ ಮಕ್ಕಳ ಜೊತೆ ಕೋಣೆಯಲ್ಲಿರುವಂತಿಲ್ಲ. ಮಕ್ಕಳ ಸುರಕ್ಷತೆಗಾಗಿ ಮಾಡಿದ ನಿಯಮವಿದು, ಒಳ್ಳೆಯದೇ. ಆದರೆ ಶನಿವಾರ ರಾತ್ರಿ ಒಂಬತ್ತು ಗಂಟೆಗೆ ‘ಮಗಳಿಗೆ ಜ್ವರ, ನಾಳೆ ನಾವಿಬ್ಬರೂ ಬರಲ್ಲ’ ಎಂದು ಒಂದು ಮೆಸೇಜ್ ಬಂದರೆ ಒಂದಲ್ಲ, ಎರಡು ಜಾಗ ಖಾಲಿ. ಆ ಹೊತ್ತಿನಲ್ಲಿ ಆಕೆ ಫೋನ್ ಹಿಡಿದು ಅಡುಗೆಮನೆಯಲ್ಲಿ ಓಡಾಡುತ್ತಿರುವುದು ನಿಮಗೆ ಕಿಟಕಿಯಿಂದ ಕಂಡಿದ್ದರೆ ಬದಲಿ ಟೀಚರನ್ನು ಹುಡುಕುತ್ತಿದ್ದಾರೆ ಎಂದೇ ಲೆಕ್ಕ. ಭಾನುವಾರ ಸಭೆಗೆ ಮುಂಚೆ ವಾರ್ಡ್ ಕೌನ್ಸಿಲ್ (ವಾರ್ಡಿನ ಹೊಣೆ ಹೊತ್ತವರ ಸಭೆ) ಕೂಡಿದರೆ ಆಕೆ ಅಲ್ಲಿರಬೇಕು. ಅಂಥ ದಿನ ಮಕ್ಕಳಿಗೆ ಸ್ನಾನ, ತಿಂಡಿ, ಬಟ್ಟೆ ಎಲ್ಲ ಗಂಡನ ಪಾಲು.

ಭಾನುವಾರದ ಸಭೆ ಒಟ್ಟು ಎರಡು ಗಂಟೆ. 2019ರ ಜನವರಿಗೆ ಮುಂಚೆ ಮೂರು ಗಂಟೆ ಇತ್ತು. ಕಡಿಮೆ ಮಾಡಿದಾಗ ಚಿಕ್ಕ ಮಕ್ಕಳ ತಾಯಂದಿರು ಪಟ್ಟ ಸಮಾಧಾನ ಅಷ್ಟಿಷ್ಟಲ್ಲ. ಮೊದಲ ಗಂಟೆ ‘ಸಾಕ್ರಮೆಂಟ್ ಮೀಟಿಂಗ್’. ಕುಟುಂಬವೆಲ್ಲ ಒಟ್ಟಿಗೆ ಬೆಂಚಿನ ಮೇಲೆ. ಇದರಲ್ಲಿ ಮಕ್ಕಳನ್ನು ಬೇರೆ ಕೋಣೆಗೆ ಬಿಡುವ ಏರ್ಪಾಡಿಲ್ಲ. ಹಾಗಾಗಿ ಪ್ರತಿ ತಾಯಿಯ ಕೈಯಲ್ಲೂ ಒಂದು ಚೀಲ. ಅದರಲ್ಲಿ ಸದ್ದು ಮಾಡದ ವಸ್ತುಗಳು ಮಾತ್ರ: ಬಟ್ಟೆಯಲ್ಲಿ ಹೊಲಿದ ಪುಸ್ತಕ, ನಾಲ್ಕೈದು ಬಳಪ, ಮುಚ್ಚಳವಿರುವ ಪುಟ್ಟ ಡಬ್ಬಿಯಲ್ಲಿ ಚೀರಿಯೋಸ್ ಎಂಬ ಓಟ್ಸ್ ತಿಂಡಿ. ಚಿಪ್ಸ್ ಪ್ಯಾಕೆಟ್ ಸರಸರ ಎನ್ನುತ್ತದೆ, ಬಾಳೆಹಣ್ಣು ಬೆಂಚಿಗೆ ಮೆತ್ತಿಕೊಳ್ಳುತ್ತದೆ, ಅವೆರಡನ್ನೂ ಯಾರೂ ಎರಡನೇ ಸಲ ತರುವುದಿಲ್ಲ. ಕೂರುವುದು ಬೆಂಚಿನ ತುದಿಯಲ್ಲೇ. ಮಗು ಅತ್ತರೆ ಎಂಟು ಜನರ ಮಂಡಿ ದಾಟದೆ ಎದ್ದು ಹೋಗಬೇಕಲ್ಲ. ಹೊರಗಿನ ಪಡಸಾಲೆಯಲ್ಲಿ ಸೋಫಾ, ಒಳಗಿನ ಮಾತು ಕೇಳಿಸುವ ಸ್ಪೀಕರ್ ಇರುತ್ತವೆ. ಹಾಲೂಡಿಸಲು ತಾಯಂದಿರ ಕೋಣೆ ಪ್ರತ್ಯೇಕ. ಪ್ರಾರ್ಥಿಸಿದ ರೊಟ್ಟಿಯ ಚೂರು, ಸಣ್ಣ ಲೋಟದಲ್ಲಿ ನೀರು (ವೈನ್ ಅಲ್ಲ), ಇವನ್ನು ಹನ್ನೆರಡು-ಹದಿಮೂರರ ಹುಡುಗರು ತಟ್ಟೆಯಲ್ಲಿ ಸಾಲುಸಾಲಿಗೆ ತರುತ್ತಾರೆ. ಹೊರಗೆ ಮಗು ಎತ್ತಿಕೊಂಡು ನಿಂತವರ ಬಳಿಗೂ ಒಬ್ಬ ಹುಡುಗ ಬರುತ್ತಾನೆ. ಆ ವಾರ ಪೂರ್ತಿ ಆಕೆಗೆ ಸಿಗುವ ನಿಶ್ಶಬ್ದ ಇಷ್ಟೇ ಹೊತ್ತಿನದು. ಅದೂ ಮಗು ಬಿಟ್ಟರೆ.

ಎರಡನೇ ಗಂಟೆ ತರಗತಿಗಳದು. ದೊಡ್ಡವರು ತಮ್ಮ ಪಾಠಕ್ಕೆ, ಮಕ್ಕಳು ಪ್ರೈಮರಿಗೆ. ಇಪ್ಪತ್ತು ತಿಂಗಳ ಪುಟ್ಟವನಿಗೆ ನರ್ಸರಿ. 18 ತಿಂಗಳು ತುಂಬುವ ದಿನವನ್ನು ತಾಯಂದಿರು ಎಣಿಸುತ್ತಾ ಕಾಯುವುದು ಇದಕ್ಕಾಗಿಯೇ. ಅಲ್ಲಿ ಆಟ, ಒಂದು ಪುಟ್ಟ ಪಾಠ, ಹಾಡು, ತಿಂಡಿ. ಡೈಪರ್ ಬದಲಿಸಬೇಕಾದರೆ ನರ್ಸರಿಯವರು ಮುಟ್ಟುವುದಿಲ್ಲ, ತಂದೆಯನ್ನೋ ತಾಯಿಯನ್ನೋ ಕರೆಸುತ್ತಾರೆ. ಮೂರು ತುಂಬಿದ ಮಕ್ಕಳು ಜನವರಿಯಲ್ಲಿ ಒಟ್ಟಾಗಿ ಮುಂದಿನ ತರಗತಿಗೆ ಬಡ್ತಿ. ಸ್ವಲ್ಪ ದೊಡ್ಡ ಮಕ್ಕಳಿಗೆ ಸುಮಾರು ಇಪ್ಪತ್ತು ನಿಮಿಷ ಹಾಡು, ಇಪ್ಪತ್ತು ನಿಮಿಷ ತರಗತಿ. ಶುರುವಿನಲ್ಲಿ ಒಂದು ಮಗು ಮೈಕಿನ ಮುಂದೆ ಎರಡು ನಿಮಿಷದ ಭಾಷಣ ಮಾಡುತ್ತದೆ. ನಾಲ್ಕು ವರ್ಷದ್ದಾದರೆ ಅಮ್ಮ ಪಕ್ಕದಲ್ಲಿ ಮಂಡಿಯೂರಿ ಕಿವಿಯಲ್ಲಿ ಒಂದೊಂದೇ ಸಾಲು ಉಸುರುತ್ತಾಳೆ, ಮಗು ಅದನ್ನೇ ಗಟ್ಟಿಯಾಗಿ ಹೇಳುತ್ತದೆ. ವರ್ಷದ ಕೊನೆಯ ತಿಂಗಳುಗಳಲ್ಲಿ ಒಂದು ಭಾನುವಾರ ಪ್ರೈಮರಿ ಮಕ್ಕಳದೇ ಕಾರ್ಯಕ್ರಮ. ಅದರ ಹಿಂದಿನ ವಾರಗಳಲ್ಲಿ ನಿಮ್ಮ ನೆರೆಯಾಕೆ ಮಾತಿಗೆ ಸಿಗದಿದ್ದರೆ ಬೇಸರ ಮಾಡಿಕೊಳ್ಳಬೇಡಿ.

ಒಂದೇ ಕಟ್ಟಡವನ್ನು ಎರಡು ಮೂರು ವಾರ್ಡುಗಳು ಹಂಚಿಕೊಳ್ಳುವುದರಿಂದ ಸಭೆಯ ಸಮಯ ಸಾಮಾನ್ಯವಾಗಿ ಜನವರಿಯಲ್ಲಿ ಬದಲಾಗುತ್ತದೆ. ಬೆಳಿಗ್ಗೆ ಒಂಬತ್ತರ ಸರದಿ ಬಂದ ವರ್ಷ ಸುಖ, ಮಧ್ಯಾಹ್ನದ ಸರದಿ ಬಂದರೆ ಪುಟ್ಟವನ ನಿದ್ದೆಯ ಹೊತ್ತೂ ಸಭೆಯ ಹೊತ್ತೂ ಒಂದೇ ಆಗಿ ಸಂಜೆಯವರೆಗೆ ಮನೆಯೆಲ್ಲ ರಂಪ. ತಿಂಗಳ ಮೊದಲ ಭಾನುವಾರ ಉಪವಾಸ. ಎರಡು ಹೊತ್ತಿನ ಊಟ ಬಿಟ್ಟು, ಅದರ ಹಣವನ್ನು ಬಡವರ ನಿಧಿಗೆ ಕೊಡುತ್ತಾರೆ. ಬಸುರಿಯರಿಗೆ, ಹಾಲೂಡಿಸುವವರಿಗೆ, ಎಳೆಯ ಮಕ್ಕಳಿಗೆ ಇದರ ಒತ್ತಾಯವಿಲ್ಲ. ಆ ದಿನ ಮಧ್ಯಾಹ್ನ ತಿಂಡಿ ಹಿಡಿದು ಅವರ ಮನೆಗೆ ಹೋಗದಿದ್ದರೆ ಒಳ್ಳೆಯದು. ಭಾನುವಾರ ಅಂಗಡಿಗೆ ಹೋಗುವುದು, ಆಟದ ಪಂದ್ಯ, ಹುಟ್ಟುಹಬ್ಬದ ಪಾರ್ಟಿ ಇವನ್ನೆಲ್ಲ ಬಹುತೇಕ ಕುಟುಂಬಗಳು ಬಿಡುತ್ತವೆ. ನಿಮ್ಮ ಮನೆಯ ಸತ್ಯನಾರಾಯಣ ಪೂಜೆಗೋ ಮಗುವಿನ ಹುಟ್ಟುಹಬ್ಬಕ್ಕೋ ಅವರು ಬರಲೆಂದು ನಿಜವಾಗಿ ಆಸೆಯಿದ್ದರೆ ಶನಿವಾರ ಇಟ್ಟುಕೊಳ್ಳಿ. ಏಪ್ರಿಲ್ ಮತ್ತು ಅಕ್ಟೋಬರ್ ಮೊದಲ ವಾರಾಂತ್ಯ ಮಾತ್ರ ಬೇರೆ. ಆಗ ಸಾಲ್ಟ್ ಲೇಕ್ ಸಿಟಿಯಿಂದ ಮಹಾಸಮ್ಮೇಳನದ ನೇರ ಪ್ರಸಾರ ಇರುತ್ತದೆ, ವಾರ್ಡಿನ ಸಭೆ ಇರುವುದಿಲ್ಲ, ಮನೆಮಂದಿಯೆಲ್ಲ ರಾತ್ರಿಯುಡುಗೆಯಲ್ಲೇ ಟಿವಿ ಮುಂದೆ.

ಸೋಮವಾರಕ್ಕೆ ಬರೋಣ. ಮನೆಯವರು ಒಟ್ಟಿಗೆ ಕೂರುವ ಸಂಜೆ ಎಂಬ ಪದ್ಧತಿ 1915ರಲ್ಲಿ ಶುರುವಾಗಿ, 1970ರಲ್ಲಿ ಸೋಮವಾರಕ್ಕೆ ನಿಗದಿಯಾಯಿತು. ಆ ಸಂಜೆ ಚರ್ಚಿನ ಬೇರೆ ಯಾವ ಕಾರ್ಯಕ್ರಮವನ್ನೂ ಇಡುವುದಿಲ್ಲ. ನಿಮ್ಮ ಆಹ್ವಾನಕ್ಕೆ ಆಗದು ಎಂದದ್ದು ಇದಕ್ಕೆ. ಅದೇ ಸಂಜೆಗೆ ನಿಮ್ಮನ್ನು ಕರೆದಿದ್ದಾರೆಂದರೆ ಮನೆಯವರಂತೆ ಕಂಡು ಕರೆದಿದ್ದಾರೆ, ಹೋಗಿ ಬನ್ನಿ. ಎಳೆಯ ಮಕ್ಕಳಿರುವ ಮನೆಯಲ್ಲಿ ಇಡೀ ಕಾರ್ಯಕ್ರಮ ಇಪ್ಪತ್ತು, ಮೂವತ್ತು ನಿಮಿಷ ದಾಟುವುದಿಲ್ಲ. ಒಂದು ಹಾಡು, ಒಂದು ಪ್ರಾರ್ಥನೆ, ಹತ್ತು ನಿಮಿಷದ ಪಾಠ, ಒಂದು ಆಟ, ಕೊನೆಗೆ ಸಿಹಿ. ಯಾರಿಗೆ ಯಾವ ಕೆಲಸ ಎಂದು ಗೋಡೆಯ ಮೇಲೆ ಒಂದು ಪಟ್ಟಿ ತೂಗುಹಾಕಿರುತ್ತಾರೆ, ಮಕ್ಕಳ ಹೆಸರಿನ ಬಿಲ್ಲೆ ವಾರವಾರವೂ ಒಂದು ಮೊಳೆಯಿಂದ ಇನ್ನೊಂದು ಮೊಳೆಗೆ ಸರಿಯುತ್ತದೆ. ಪ್ರಾರ್ಥನೆಗೆ ಇವರು ಕೈ ಮುಗಿಯುವುದಿಲ್ಲ. ಎದೆಯ ಮೇಲೆ ಕೈ ಕಟ್ಟಿ, ತಲೆ ತಗ್ಗಿಸಿ, ಕಣ್ಣು ಮುಚ್ಚುತ್ತಾರೆ. ನೀವು ಸುಮ್ಮನೆ ಕೂತರೆ ಸಾಕು, ‘ಆಮೆನ್’ ಎನ್ನಬೇಕೆಂದೇನೂ ಇಲ್ಲ. ಊಟಕ್ಕೆ ಮುಂಚೆಯೂ ಪ್ರಾರ್ಥನೆ ಇರುತ್ತದೆ, ಬಡಿಸಿದ ತಕ್ಷಣ ಕೈ ಹಾಕಬೇಡಿ. ನೀವು ಸಸ್ಯಾಹಾರಿಗಳಾದರೆ ಹಿಂದಿನ ದಿನವೇ ತಿಳಿಸಿ. ಯೂಟಾದ ಹೆಸರುವಾಸಿ ಆಲೂಗಡ್ಡೆ ಖಾದ್ಯ ‘ಫ್ಯೂನರಲ್ ಪೊಟೇಟೋಸ್’ ನೋಡಲು ಬರೀ ಆಲೂ, ಚೀಸ್, ಕಾರ್ನ್‌ಫ್ಲೇಕ್ಸ್ ಅನಿಸಿದರೂ ಒಳಗೆ ಸಾಮಾನ್ಯವಾಗಿ ಕೋಳಿ ಸೂಪಿನ ಡಬ್ಬಿ ಸುರಿದಿರುತ್ತಾರೆ. ಅದರ ಬದಲು ಅಣಬೆಯ ಸೂಪ್ ಹಾಕಿದರೂ ನಡೆಯುತ್ತದೆ. ಬಣ್ಣಬಣ್ಣದ ಜೆಲ್ಲೊ, ಮಾರ್ಷ್‌ಮ್ಯಾಲೊಗಳಲ್ಲಿ ಪ್ರಾಣಿಮೂಲದ ಜೆಲಟಿನ್ ಇರುತ್ತದೆ. ಇದು ಅವರಿಗೆ ಮಾಂಸ ಅನಿಸುವುದೇ ಇಲ್ಲ, ಹಾಗಾಗಿ ನೀವು ಕೇಳದೆ ಅವರು ಹೇಳುವುದಿಲ್ಲ.

ವಾರದ ಉಳಿದ ದಿನಗಳಲ್ಲಿ ನಡೆಯುವುದೂ ಕಡಿಮೆಯೇನಲ್ಲ. ಬೆಳಿಗ್ಗೆ, ರಾತ್ರಿ ಮನೆಮಂದಿಯ ಪ್ರಾರ್ಥನೆ, ಹತ್ತು ನಿಮಿಷ ಗ್ರಂಥ ಓದುವುದು. 2019ರಿಂದ ಮನೆಯಲ್ಲೇ ಪಾಠ ಮಾಡುವುದಕ್ಕೆ ಹೆಚ್ಚು ಒತ್ತು ಕೊಟ್ಟಿದ್ದಾರೆ, ಅಂದರೆ ಸಭೆಯಲ್ಲಿ ಕಡಿಮೆಯಾದ ಒಂದು ಗಂಟೆ ಮನೆಗೆ ಬಂದು ಕೂತಿದೆ. ದೊಡ್ಡ ಮಗನ ವಯಸ್ಸಿನ ಮಕ್ಕಳಿಗೆ ಸಾಮಾನ್ಯವಾಗಿ ತಿಂಗಳಿಗೆ ಎರಡು ಸಲ ಚಟುವಟಿಕೆಯ ಸಂಜೆ ಇರುತ್ತದೆ. ನಿಮಗೂ ಮಕ್ಕಳಿದ್ದರೆ ಅವರಿಗೂ ಕರೆ ಬರಬಹುದು. ಇದಲ್ಲದೆ ಹದಿನೆಂಟು ದಾಟಿದ ಹೆಂಗಸರೆಲ್ಲ ‘ರಿಲೀಫ್ ಸೊಸೈಟಿ’ಯ ಸದಸ್ಯರು. 1842ರ ಮಾರ್ಚ್ 17ರಂದು ಇಲಿನಾಯ್ ರಾಜ್ಯದ ನಾವೂ ಪಟ್ಟಣದಲ್ಲಿ ಇದು ಹುಟ್ಟಿತು, ಎಮ್ಮಾ ಸ್ಮಿತ್ ಮೊದಲ ಅಧ್ಯಕ್ಷೆ. ಒಬ್ಬೊಬ್ಬ ಹೆಂಗಸಿನ ಯೋಗಕ್ಷೇಮ ನೋಡಲು ಇನ್ನಿಬ್ಬರನ್ನು ನೇಮಿಸುತ್ತಾರೆ. ನಿಮ್ಮ ನೆರೆಯಾಕೆಯನ್ನು ವಿಚಾರಿಸಿಕೊಳ್ಳುವವರು ಇದ್ದಾರೆ, ಆಕೆಯೂ ಬೇರೆ ಕೆಲವರನ್ನು ವಿಚಾರಿಸಿಕೊಳ್ಳಬೇಕು.

ಹೀಗೆ ಹಂಚಿಕೊಂಡ ಕೆಲಸದಿಂದಲೇ ಆಕೆ ನಿಭಾಯಿಸುತ್ತಾರೆ, ಅದರಿಂದಲೇ ದಣಿಯುತ್ತಾರೆ ಕೂಡ. ಎರಡೂ ನಿಜ. 1995ರಲ್ಲಿ ಚರ್ಚ್ ಕುಟುಂಬದ ಬಗ್ಗೆ ಹೊರಡಿಸಿದ ಘೋಷಣೆ ದುಡಿದು ತರುವ ಹೊಣೆಯನ್ನು ತಂದೆಗೂ, ಮಕ್ಕಳನ್ನು ಬೆಳೆಸುವ ಹೊಣೆಯನ್ನು ಮುಖ್ಯವಾಗಿ ತಾಯಿಗೂ ಕೊಡುತ್ತದೆ; ಅದೇ ಉಸಿರಿನಲ್ಲಿ ಇಬ್ಬರೂ ಸಮಪಾಲುದಾರರು ಎನ್ನುತ್ತದೆ. ಪೌರೋಹಿತ್ಯ ಗಂಡಸರಿಗೆ ಮಾತ್ರ. ಇದರ ಬಗ್ಗೆ ಆ ಹೆಂಗಸರಲ್ಲೇ ಬೇರೆಬೇರೆ ಅಭಿಪ್ರಾಯಗಳಿವೆ. ಆಕೆಯದು ಯಾವುದೆಂದು ಊಹಿಸಿಕೊಂಡು ಮಾತಾಡಬೇಡಿ, ಮರುಕವನ್ನೂ ತೋರಿಸಬೇಡಿ. ನಾನು ಗಮನಿಸಬೇಕೆನ್ನುವುದು ಬೇರೆ. ಕಾಲಿಂಗ್ ಬಂದರೆ ಒಪ್ಪುವುದು ರೂಢಿ. ಹಾಗಾಗಿ ಆಗುವುದಿಲ್ಲ ಎನ್ನಲು ನಾಲಿಗೆ ಬರುವುದಿಲ್ಲ. ನಾಲ್ಕು ಜನ ಏನೆಂದುಕೊಳ್ಳುತ್ತಾರೋ ಎಂಬ ಅಳುಕು ನಮಗೆ ಹೊಸದಲ್ಲವಲ್ಲ. ಬಿಷಪ್ ಜೊತೆ ಮಾತಾಡಿ ಹೊಣೆಯಿಂದ ಬಿಡುಗಡೆ ಕೇಳುವ ದಾರಿ ಇದೆ, ಅದು ತಪ್ಪೂ ಅಲ್ಲ. ಹೆರಿಗೆಯ ಹೊತ್ತಿಗೆ ಸಲಹೆಗಾರ್ತಿಯರು ಕೆಲಸ ವಹಿಸಿಕೊಳ್ಳುವುದೂ ಉಂಟು. ಆದರೆ ಕೇಳುವುದಕ್ಕೆ ಮುಂಚೆ ತಿಂಗಳುಗಟ್ಟಲೆ ಸವೆಯುವವರೇ ಹೆಚ್ಚು. ವಾರ್ಡಿನೊಳಗಿನ ಗೆಳತಿಯ ಮುಂದೆ ‘ಸಾಕಾಗಿದೆ’ ಎಂದರೆ ಅದು ನಾಳೆ ಯಾರದೋ ಕಾಳಜಿಯ ಪಟ್ಟಿ ಸೇರುತ್ತದೆ. ಹೊರಗಿನವರಾದ ನಿಮ್ಮ ಮುಂದೆ ಅಂದರೆ ಅಲ್ಲಿಗೇ ನಿಲ್ಲುತ್ತದೆ. ನಿಮ್ಮ ಸ್ನೇಹ ಆಕೆಗೆ ಬೇಕಾಗಿರುವುದು ಈ ಕಾರಣಕ್ಕೂ ಇರಬಹುದು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಮತಕ್ಕೆ ಸೇರಿಸುವ ಪ್ರಶ್ನೆ. ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ತಮ್ಮ ನಂಬಿಕೆಯನ್ನು ಹಂಚಿಕೊಳ್ಳುವುದು ಇವರಿಗೆ ಕರ್ತವ್ಯ, ಆದ್ದರಿಂದ ಆ ಆಸೆ ಇರುತ್ತದೆ. ಅದರಿಂದ ಸ್ನೇಹ ಸುಳ್ಳಾಗುವುದಿಲ್ಲ. ಒಂದು ಸಲ, ನಗುಮುಖದಿಂದ, ‘ನಿಮ್ಮ ಮನೆಯ ಸಂತೋಷಕ್ಕೆಲ್ಲ ಬರುತ್ತೇವೆ, ಆದರೆ ನಮ್ಮ ಧರ್ಮ ನಮಗಿದೆ, ಬದಲಾಯಿಸುವ ಮನಸ್ಸಿಲ್ಲ’ ಎಂದುಬಿಡಿ. ಆಕೆಗೂ ನಿರಾಳ, ನಿಮಗೂ ನಿರಾಳ. ಹೀಗೆ ಹೇಳದೆ ಪ್ರತಿ ಆಹ್ವಾನಕ್ಕೂ ನೆಪ ಹುಡುಕುತ್ತಾ ಹೋದರೆ ಇಬ್ಬರಿಗೂ ಗೊಂದಲ, ಸಂಬಂಧ ಹಳಸುವುದು ಅಲ್ಲೇ. ಅಪ್ಪ-ಅಮ್ಮನ ಒಪ್ಪಿಗೆಯಿಲ್ಲದೆ ಚಿಕ್ಕ ಮಕ್ಕಳಿಗೆ ದೀಕ್ಷೆ (ಬ್ಯಾಪ್ಟಿಸಂ) ಕೊಡುವಂತಿಲ್ಲ ಎಂಬ ನಿಯಮ ಅವರಲ್ಲೇ ಇದೆ, ಹಾಗಾಗಿ ನಿಮ್ಮ ಮಗು ಚಟುವಟಿಕೆಗೆ ಹೋದರೆ ಆ ಭಯ ಬೇಡ. ಅವರನ್ನೂ ನಿಮ್ಮ ಕಡೆಗೆ ಕರೆಯಿರಿ. ಸೌತ್ ಜೋರ್ಡನ್‌ನಲ್ಲಿ ಶ್ರೀ ಗಣೇಶ ದೇವಸ್ಥಾನವಿದೆ. ಸ್ಪ್ಯಾನಿಷ್ ಫೋರ್ಕ್‌ನ ಕೃಷ್ಣ ಮಂದಿರದ ಹೋಳಿ ಹಬ್ಬಕ್ಕೆ ಮಾರ್ಮನ್ ಹುಡುಗ ಹುಡುಗಿಯರೇ ದಂಡಿಯಾಗಿ ಬರುತ್ತಾರೆ. ಪ್ರಸಾದ ಕೊಡುವಾಗ ಮಾತ್ರ ಅದು ದೇವರಿಗೆ ನೈವೇದ್ಯ ಮಾಡಿದ್ದು ಎಂದು ತಿಳಿಸಿ, ತಗೊಳ್ಳುವುದು ಬಿಡುವುದು ಅವರಿಗೆ ಬಿಡಿ.

ಕೇಳಬಾರದವು ಎರಡೇ. ಒಂದು, ದೊಡ್ಡವರು ಬಟ್ಟೆಯೊಳಗೆ ತೊಡುವ ಪವಿತ್ರ ಉಡುಪಿನ ವಿಷಯ. ಇನ್ನೊಂದು, ಟೆಂಪಲ್ ಒಳಗೆ ಏನು ನಡೆಯುತ್ತದೆ ಎನ್ನುವುದು. ಭಾನುವಾರದ ಸಭಾಮಂದಿರ ಬೇರೆ, ಟೆಂಪಲ್ ಬೇರೆ. ಸಭಾಮಂದಿರಕ್ಕೆ ಯಾರು ಬೇಕಾದರೂ ಹೋಗಬಹುದು. ಟೆಂಪಲ್‌ಗೆ, ಅದು ಪ್ರತಿಷ್ಠೆಯಾದ ಮೇಲೆ, ಅರ್ಹತೆಯ ಚೀಟಿ ಪಡೆದ ಸದಸ್ಯರಿಗೆ ಮಾತ್ರ ಪ್ರವೇಶ. ಮಾತಿಗೆ ಇದನ್ನು ಎತ್ತಿಕೊಳ್ಳಬಹುದು: ಭಾರತದ ಮೊದಲ ಟೆಂಪಲ್‌ಗೆ ಆಯ್ಕೆಯಾದದ್ದು ನಮ್ಮ ಬೆಂಗಳೂರು. 2018ರ ಏಪ್ರಿಲ್‌ನಲ್ಲಿ ಘೋಷಿಸಿ 2020ರ ಡಿಸೆಂಬರ್‌ನಲ್ಲಿ ಭೂಮಿಪೂಜೆ ಮಾಡಿದರು. ನೀವು ಕರ್ನಾಟಕದವರೆಂದರೆ ಆಕೆಯೇ ಈ ಮಾತು ತೆಗೆದರೂ ಆಶ್ಚರ್ಯವಿಲ್ಲ.

ಬ್ಯಾಪ್ಟಿಸಂಗೆ ಖಂಡಿತ ಹೋಗಿ. ಇವರು ಕೂಸುಗಳಿಗೆ ದೀಕ್ಷೆ ಕೊಡುವುದಿಲ್ಲ. ಹುಟ್ಟಿದ ಮಗುವಿಗೆ ಹೆಸರಿಟ್ಟು ಹರಸುವ ಶಾಸ್ತ್ರ ಬೇರೆ, ದೀಕ್ಷೆ ಎಂಟು ತುಂಬಿದ ಮೇಲೆ. ಬಿಷಪ್ ಮುಂಚೆ ಹುಡುಗನೊಡನೆ ಮಾತಾಡಿರುತ್ತಾರೆ. ಸಾಮಾನ್ಯವಾಗಿ ಶನಿವಾರ, ಹೆಚ್ಚೆಂದರೆ ಒಂದು ಗಂಟೆ. ಚಪ್ಪಲಿ ಬಿಡಬೇಕಾಗಿಲ್ಲ. ಸೀರೆ, ಚೂಡಿದಾರ ಯಾವುದಾದರೂ ಸರಿ. ಒಳಗೆ ಶಿಲುಬೆ ಕಾಣದಿದ್ದರೆ ಅಚ್ಚರಿಪಡಬೇಡಿ, ಇವರ ಸಭಾಮಂದಿರಗಳಲ್ಲಿ ಇಡುವುದಿಲ್ಲ. ಎದೆಮಟ್ಟದ ನೀರಿನ ತೊಟ್ಟಿಯಲ್ಲಿ ತಂದೆ ಮತ್ತು ಮಗ ಇಬ್ಬರೂ ಬಿಳಿಬಟ್ಟೆಯಲ್ಲಿ ಇಳಿಯುತ್ತಾರೆ. ತಂದೆ ಬಲಗೈ ಎತ್ತಿ ಪ್ರಾರ್ಥನೆ ಹೇಳಿ ಮಗನನ್ನು ಪೂರ್ತಿ ಮುಳುಗಿಸುತ್ತಾನೆ. ಕಾಲಿನ ಹೆಬ್ಬೆರಳೋ ಬಟ್ಟೆಯ ಅಂಚೋ ತೇಲಿದರೆ ಮತ್ತೊಮ್ಮೆ ಮುಳುಗಿಸಬೇಕು. ಅದನ್ನು ನೋಡಲೆಂದೇ ಇಬ್ಬರು ಸಾಕ್ಷಿಗಳು. 2019ರ ಅಕ್ಟೋಬರ್‌ನಿಂದ ಹೆಂಗಸರೂ ಸಾಕ್ಷಿಯಾಗಬಹುದು, ತಾಯಿಯೇ ನಿಂತಿರಬಹುದು. ಆ ಹೊತ್ತಿನಲ್ಲಿ ಫೋಟೊ, ವಿಡಿಯೊ ತೆಗೆಯಬೇಡಿ. ಅವರು ಮುಂಚೆಯೇ ತೆಗೆಸಿಕೊಂಡಿರುತ್ತಾರೆ. ಉಡುಗೊರೆಗೆ ಒಳ್ಳೆಯ ದಪ್ಪ ಬಿಳಿ ಟವೆಲ್ ಕೊಡುವ ರೂಢಿಯಿದೆ, ಹುಡುಗನ ಹೆಸರು ಕಸೂತಿ ಹಾಕಿಸಿದರೆ ಇನ್ನೂ ಚೆನ್ನ. ಎಂದಾದರೂ ಭಾನುವಾರದ ಸಭೆಗೆ ಹೋದರೆ ರೊಟ್ಟಿಯ ತಟ್ಟೆ ಬಂದಾಗ ತೆಗೆದುಕೊಳ್ಳದೆ ಪಕ್ಕದವರಿಗೆ ದಾಟಿಸಿ, ಯಾರೂ ತಪ್ಪು ತಿಳಿಯುವುದಿಲ್ಲ. ಕಾಣಿಕೆ ತಟ್ಟೆ ಬರುವುದೇ ಇಲ್ಲ. ಸದಸ್ಯರು ಆದಾಯದ ಹತ್ತನೇ ಒಂದು ಪಾಲನ್ನು ಬೇರೆಯಾಗಿ ಸಲ್ಲಿಸುತ್ತಾರೆ.

ಹೆರಿಗೆಯಾದ ಮೇಲೆ ರಿಲೀಫ್ ಸೊಸೈಟಿಯವರು ಊಟದ ಸರದಿಯ ಪಟ್ಟಿ ಮಾಡುತ್ತಾರೆ. ಅದರಲ್ಲಿ ನಿಮ್ಮ ಹೆಸರು ಸೇರಿಸಬಹುದೇ ಎಂದು ಕೇಳಿ, ಸಂತೋಷದಿಂದ ಸೇರಿಸುತ್ತಾರೆ. ನನ್ನ ಸಲಹೆಯೆಂದರೆ ಮೊದಲ ವಾರ ಬಿಟ್ಟುಬಿಡಿ. ಆಗ ಫ್ರಿಜ್ ತುಂಬಿ ತುಳುಕುತ್ತಿರುತ್ತದೆ. ಮೂರನೆಯ ವಾರದಲ್ಲಿ ಪಟ್ಟಿ ಮುಗಿದು, ಗಂಡ ಕೆಲಸಕ್ಕೆ ಮರಳಿ, ಆಕೆ ನಾಲ್ಕು ಮಕ್ಕಳೊಡನೆ ಒಬ್ಬರೇ ಉಳಿಯುತ್ತಾರೆ. ಊಟ ಬೇಕಾಗುವುದು ಆಗ. ತರಕಾರಿ ಪಲಾವು ಎಲ್ಲರಿಗೂ ಹಿಡಿಸುತ್ತದೆ. ಮೂರು ಲೋಟ ಅಕ್ಕಿ, ಮೂರು ಲೋಟದಷ್ಟು ಬಟಾಣಿ, ಕ್ಯಾರೆಟ್, ಹುರುಳಿಕಾಯಿ, ಮೂರು ಚಮಚ ತುಪ್ಪ, ನಾಲ್ಕು ಲವಂಗ, ಒಂದಿಂಚು ಚಕ್ಕೆ. ಹಸಿಮೆಣಸಿನಕಾಯಿ ಬೇಡವೇ ಬೇಡ, ಖಾರ ಬೇಕಾದ ದೊಡ್ಡವರಿಗೆ ಉಪ್ಪಿನಕಾಯಿ ಬೇರೆ ಕೊಡಿ. ಗೋಡಂಬಿ, ಕಡಲೆಬೀಜ ಹಾಕಬೇಡಿ. ಮಕ್ಕಳಲ್ಲಿ ಯಾರಿಗೆ ಅಲರ್ಜಿಯೋ ಹೇಳಲಾಗದು. ಜೊತೆಗೆ ಸೌತೆಕಾಯಿ ಮೊಸರುಬಜ್ಜಿ, ಒಗ್ಗರಣೆಗೆ ಮೆಣಸಿನಕಾಯಿ ಇಲ್ಲದೆ. ವಾಪಸು ಕೊಡಬೇಕಾದ ಪಾತ್ರೆಯಲ್ಲಿ ಒಯ್ಯಬೇಡಿ, ತೊಳೆದು ತಂದುಕೊಡುವುದೂ ಆಕೆಗೊಂದು ಕೆಲಸವಾಗುತ್ತದೆ. ಅಂಗಡಿಯಲ್ಲಿ ಸಿಗುವ 9×13 ಇಂಚಿನ ಅಲ್ಯೂಮಿನಿಯಂ ತಟ್ಟೆ ಈ ಅಳತೆಗೆ ಸರಿಯಾಗುತ್ತದೆ. ಮೇಲೆ ಹಾಳೆ ಮುಚ್ಚಿ, ‘ಹಾಲಿನ ಪದಾರ್ಥ ಇದೆ, ಬೀಜಗಳಿಲ್ಲ’ ಎಂದು ಚೀಟಿ ಅಂಟಿಸಿ. ಅಲ್ಲಿನವರ ರಾತ್ರಿಯೂಟ ನಮಗಿಂತ ಬೇಗ, ಸಂಜೆ ಐದೂವರೆಗೆ ತಲುಪಿದರೆ ಸರಿ. ಎಂಟಕ್ಕೆ ಒಯ್ದರೆ ಮಕ್ಕಳು ಹಾಸಿಗೆ ಸೇರಿರುತ್ತವೆ.

ಊಟಕ್ಕಿಂತಲೂ ದೊಡ್ಡ ಸಹಾಯ ಒಂದಿದೆ. ವಾರಕ್ಕೆ ಒಂದು ಬೆಳಿಗ್ಗೆ ನಾಲ್ಕು ವರ್ಷದವಳನ್ನೂ ಪುಟ್ಟವನನ್ನೂ ಒಂದೂವರೆ ಗಂಟೆ ನಿಮ್ಮ ಮನೆಗೆ ಕರೆದುಕೊಂಡು ಬನ್ನಿ. ‘ಏನಾದರೂ ಬೇಕಾದರೆ ಹೇಳಿ’ ಎಂದರೆ ಆಕೆ ಹೇಳುವುದಿಲ್ಲ. ‘ಗುರುವಾರ ಹತ್ತಕ್ಕೆ ಬಂದು ಕರೆದೊಯ್ಯುತ್ತೇನೆ’ ಎಂದು ದಿನ, ಹೊತ್ತು ಹೇಳಿ ಕೇಳಿದರೆ ಒಪ್ಪುತ್ತಾರೆ. ನಮ್ಮ ಬಾಣಂತನದ ಪಥ್ಯ, ಎಣ್ಣೆಸ್ನಾನದ ಬಗ್ಗೆ ಕೇಳಿದರೆ ಮಾತ್ರ ಹೇಳಿ. ಹೋದಾಗ ಆಕೆಯ ಮುಖವನ್ನೂ ಒಮ್ಮೆ ಗಮನಿಸಿ. ಹೆರಿಗೆಯ ನಂತರ ಅಳು ಬರುವುದು, ಮನಸ್ಸು ತೂಗಾಡುವುದು ಸಹಜ. ಅದು ಎರಡು ವಾರ ದಾಟಿದರೂ ಇಳಿಯದಿದ್ದರೆ, ನಿದ್ದೆ ಮಾಡಲು ಅವಕಾಶ ಸಿಕ್ಕಾಗಲೂ ನಿದ್ದೆ ಬಾರದಿದ್ದರೆ, ತನ್ನ ನಂಬಿಕೆ ಸಾಲದೆ ಹೀಗಾಗುತ್ತಿದೆ ಎನ್ನುವಂಥ ಮಾತು ಬಂದರೆ, ಇದು ಕಾಯಿಲೆ, ಡಾಕ್ಟರಿಗೆ ತೋರಿಸಬೇಕು ಎಂದು ನೇರವಾಗಿ ಹೇಳಿ, ಗಂಡನಿಗೂ ತಿಳಿಸಿ. ಅಮೆರಿಕದಲ್ಲಿ ತಾಯಂದಿರಿಗಾಗಿ ಹಗಲೂ ರಾತ್ರಿ ತೆರೆದಿರುವ ಸರ್ಕಾರಿ ಸಹಾಯವಾಣಿ ಇದೆ: 1-833-852-6262. ಕರೆಗೆ ದುಡ್ಡು ಬೀಳುವುದಿಲ್ಲ. ಚೀಟಿಯಲ್ಲಿ ಬರೆದು ಈಗಲೇ ನಿಮ್ಮ ಫ್ರಿಜ್ ಬಾಗಿಲಿಗೆ ಅಂಟಿಸಿಟ್ಟುಕೊಳ್ಳಿ.